ಪೊರು ಪದದ ಕೆಳಗಿನ ಚೀಟಿ

ಹೆಲ್ಸಿಂಕಿ
3 ಸೆಪ್ಟೆಂಬರ್ 1958

ಶ್ರೀಮತಿ ಪಲಾಗಾ ವೊರ್ನಾನೆನ್ ಅವರಿಗೆ,

ಎರಡು ವರ್ಷಗಳಿಂದ ನಮ್ಮ ಆಡುನುಡಿ ನಿಘಂಟಿಗೆ ನೀವು ಸುಯೋಯಾರ್ವಿ ಸೀಮೆಯ ಪದಗಳನ್ನು ಕಳಿಸುತ್ತಾ ಬಂದಿದ್ದೀರಿ. ಹಸುವಿನ ಕೆಚ್ಚಲಿನ ಬಗ್ಗೆ ನೀವು ಬರೆದ ಹನ್ನೊಂದು ಚೀಟಿಗಳು ಬಂದ ದಿನ ನಾವೆಲ್ಲ ಬೇರೆ ಕೆಲಸ ಬದಿಗಿಟ್ಟು ಅವನ್ನೇ ಓದಿದೆವು. ಯುದ್ಧದಲ್ಲಿ ನಿಮ್ಮ ಊರು ರಷ್ಯದ ಪಾಲಾಗಿ ಗಡಿಯ ಆಚೆ ಉಳಿದುಹೋದ ಮೇಲೆ ಅಲ್ಲಿನ ಮಾತು ನಿಮ್ಮಂಥವರ ಬಾಯಲ್ಲಿ ಮಾತ್ರ ಉಳಿದಿದೆ. ಹಾಗಾಗಿ ನಿಮ್ಮ ಒಂದೊಂದು ಚೀಟಿಯೂ ನಮಗೆ ಮುಖ್ಯ.

ಈಗ ನನ್ನ ಪಾಲಿಗೆ ಬಂದಿರುವುದು 'ಪೊರು' ಎಂಬ ಪದ. ಜೋರಾಗಿ ಅಳುವುದಕ್ಕೆ ಪಶ್ಚಿಮದ ಜಿಲ್ಲೆಗಳಲ್ಲಿ ಹೀಗೆನ್ನುತ್ತಾರೆ. ಇದು ನಿಮ್ಮ ಕಡೆಯೂ ಬಳಕೆಯಲ್ಲಿತ್ತೇ? ಮಕ್ಕಳಿಗೆ ಮಾತ್ರ ಹೇಳುತ್ತಿದ್ದರೇ, ದೊಡ್ಡವರಿಗೂ ಹೇಳುತ್ತಿದ್ದರೇ? ದನಕರುಗಳ ಕೂಗಿಗೂ ಸಲ್ಲುತ್ತಿತ್ತೇ? ಬೈಗುಳದ ಧ್ವನಿ ಇತ್ತೇ? ಇಲ್ಲವಾದರೆ ಗಟ್ಟಿಯಾಗಿ ಅಳುವುದಕ್ಕೆ ನೀವು ಬಳಸುತ್ತಿದ್ದ ಪದ ಯಾವುದು?

ಎಂದಿನಂತೆ ಒಂದು ಪದಕ್ಕೆ ಒಂದು ಚೀಟಿ. ಬಳಕೆಗೆ ಒಂದು ನಿಜವಾದ ವಾಕ್ಯ ಬೇಕು. ಕಲ್ಪಿಸಿ ಬರೆದದ್ದು ಬೇಡ; ಯಾರೋ ಆಡಿದ್ದು, ನೀವು ಕಿವಿಯಾರೆ ಕೇಳಿದ್ದು ಇರಲಿ.

ಗೌರವಪೂರ್ವಕವಾಗಿ,
ಇರ್ಯಾ ಲಂಪೇಲಾ
ನಿಘಂಟು ಸಹಾಯಕ ಸಂಪಾದಕಿ


ಕಿಯುರುವೆಸಿ
21 ಸೆಪ್ಟೆಂಬರ್ 1958

ಲಂಪೇಲಾ ಅವರಿಗೆ,

ಪತ್ರ ತಲುಪಿತು. ಆಲೂಗಡ್ಡೆ ಕೀಳುವುದು ಮುಗಿಯಲಿ ಎಂದು ಕಾದು ಈಗ ಬರೆಯುತ್ತಿದ್ದೇನೆ.

ಪೊರು ನಮ್ಮ ಮಾತಲ್ಲ. ಅದನ್ನು ಮೊದಲು ಕೇಳಿದ್ದು ಇಲ್ಲಿಗೆ ಬಂದ ಮೇಲೆ, ನಮ್ಮನ್ನು ಮೊದಲು ಇರಿಸಿದ ಮನೆಯ ಹಿಲ್ಮಾಳ ಸೊಸೆಯ ಬಾಯಲ್ಲಿ. ಅವಳು ಪಶ್ಚಿಮದ ಕಡೆಯವಳು. ಕೂಸು ಹಟ ಹಿಡಿದರೆ "ಸಾಕ್ ನಿಲ್ಸು ನಿನ್ ಪೊರು" ಅನ್ನುತ್ತಾಳೆ. ದೊಡ್ಡವರಿಗೆ ಹೇಳಿದರೆ ಅವಮಾನ. ಇದನ್ನು ಚೀಟಿಯಲ್ಲಿ ಬರೆದಿದ್ದೇನೆ.

ನಮ್ಮ ಕಡೆ ಎರಡಿದ್ದವು. ಮಗು ಬಿದ್ದು ಅಳುವುದು, ಹೆಂಗಸು ಮೂಲೆಯಲ್ಲಿ ಕೂತು ಅಳುವುದು ಬರಿಯ ಅಳು. ಇನ್ನೊಂದು 'ಇಯಾನೆಲ್ ಇತ್ಕಿಯೆ'. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ದನಿ ತೆಗೆದು ಅಳುವುದು. ಅದು ನೋವಿಗೆ ತಾನಾಗಿ ಬರುವ ಅಳುವಲ್ಲ. ಅದಕ್ಕೆ ಮಾತುಗಳಿವೆ, ರಾಗವಿದೆ, ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬ ಕ್ರಮವಿದೆ. ಸತ್ತವರನ್ನು ಎಬ್ಬಿಸಿ ಮಾತಾಡಿಸಿ, ದಾರಿ ಹೇಳಿ ಕಳಿಸಿಕೊಡುವ ಕೆಲಸ ಅದು. ಮದುವೆಯಲ್ಲಿ ಹುಡುಗಿ ಮನೆ ಬಿಡುವಾಗಲೂ ಇತ್ತು. ಎಲ್ಲರಿಗೂ ಬರುತ್ತಿರಲಿಲ್ಲ. ನಮ್ಮ ಊರಿನಲ್ಲಿ ನನ್ನ ತಾಯಿಗೆ ಬರುತ್ತಿತ್ತು. ಅವಳು ಹೋದ ಮೇಲೆ ನನ್ನನ್ನು ಕರೆಯುತ್ತಿದ್ದರು.

ಕೇಳಿದ ವಾಕ್ಯ ಬೇಕು ಎಂದಿರಿ. 1945ರ ಮಾರ್ಚ್‌ನಲ್ಲಿ ನನ್ನ ಅತ್ತೆ ತೀರಿಕೊಂಡರು. ಆಗ ಹಿಲ್ಮಾಳ ಹೊಲದ ಮನೆಯಲ್ಲಿ ಒಂದು ಕೋಣೆ ಕೊಟ್ಟು ನಮ್ಮನ್ನು ಇರಿಸಿದ್ದರು. ಅಂಗಳದಲ್ಲಿ ಹಿಮದ ಮೇಲೆ ಶವಪೆಟ್ಟಿಗೆ ಇಟ್ಟು ನಾನು ದನಿ ತೆಗೆದೆ. ನಮ್ಮ ಕಡೆಯ ಇನ್ನಿಬ್ಬರು ಹೆಂಗಸರು ನನ್ನ ಮೊಣಕೈ ಹಿಡಿದಿದ್ದರು. ಹಿಲ್ಮಾ ಕಟ್ಟೆಯ ಮೇಲೆ ಬಂದು ನಿಂತು, ಕೋಪವಿಲ್ಲದೆ, ಕಲಿಸುವ ಹಾಗೆ ಹೇಳಿದಳು: "ಇಲ್ಲಿ ಹಂಗೆಲ್ಲ ಯಾರೂ ಊಳಿಡಲ್ಲಮ್ಮ. ಕೊಟ್ಟಿಗೇಲಿ ದನಗಳು ಬೆದರ್ತವೆ." ನಾನು ನಿಲ್ಲಿಸಿದೆ. ಅತ್ತೆಯನ್ನು ಅರ್ಧ ದಾರಿಗೆ ಬಿಟ್ಟ ಹಾಗಾಯಿತು. ಮುಂದಿನ ವಾರ ಆ ಮನೆಯ ಮಕ್ಕಳು ತಲೆಗೆ ಶಾಲು ಹೊದ್ದು ಸೌನಾ ಸ್ನಾನದ ಮನೆಯ ಹಿಂದೆ ನಮ್ಮಂಥ ಕರೇಲಿಯದವರ ಆಟ ಆಡುತ್ತಿದ್ದರು. ಚೆನ್ನಾಗಿಯೇ ಅನುಕರಿಸುತ್ತಿದ್ದರು.

ಹಿಲ್ಮಾ ಕೆಟ್ಟವಳಲ್ಲ. ಇಲ್ಲಿಗೆ ಬಂದ ಮೇಲೆ ನಮ್ಮ ಮೊದಲ ಹಸುವನ್ನು ಅವಳೇ ಕೊಟ್ಟಳು.

ಪಲಾಗಾ ವೊರ್ನಾನೆನ್


ಹೆಲ್ಸಿಂಕಿ
9 ಅಕ್ಟೋಬರ್ 1958

ಪ್ರಿಯ ಶ್ರೀಮತಿ ವೊರ್ನಾನೆನ್,

ನಿಮ್ಮ ಪತ್ರವನ್ನು ಪ್ರಧಾನ ಸಂಪಾದಕರಿಗೂ ಓದಿ ಹೇಳಿದೆ. ಇದರ ಬಗ್ಗೆ ಪುಸ್ತಕಗಳಲ್ಲಿ ಓದಿದ್ದೆ. ಆದರೆ ದನಿ ತೆಗೆದು ಅಳಬಲ್ಲ ಒಬ್ಬರು ನಮ್ಮ ಪತ್ರವ್ಯವಹಾರದಲ್ಲೇ ಇದ್ದಾರೆ, ಅವರು ಕೆಚ್ಚಲಿನ ಪದಗಳನ್ನು ಕಳಿಸುತ್ತಿದ್ದವರೇ ಎಂದು ಯಾರೂ ಊಹಿಸಿರಲಿಲ್ಲ.

ನಮ್ಮಲ್ಲಿಗೆ ಈಗ ಒಂದು ಟೇಪ್ ಯಂತ್ರ ಬಂದಿದೆ. ಚಳಿಗಾಲ ಗಟ್ಟಿಯಾಗುವ ಮೊದಲು ನಾನೇ ಅದನ್ನು ಕಿಯುರುವೆಸಿಗೆ ತರಬಲ್ಲೆ. ನೀವು ಅಲ್ಲಿ ಒಂದು ಗಂಟೆ ಕೂತು ಅತ್ತರೆ, ಅಂದರೆ ದನಿ ತೆಗೆದರೆ, ಅದು ಶಾಶ್ವತವಾಗಿ ಉಳಿಯುತ್ತದೆ. ಯಾರೂ ಸತ್ತಿರಬೇಕಾಗಿಲ್ಲ. ಯಾರನ್ನಾದರೂ ಮನಸ್ಸಿನಲ್ಲಿ ಕಲ್ಪಿಸಿಕೊಂಡರೂ ನಡೆದೀತು. ನೆರೆಯವರ ಸಂಕೋಚ ಇದ್ದರೆ ಶಾಲೆಯ ಕೋಣೆಯನ್ನು ಕೇಳಿ ತೆಗೆದುಕೊಳ್ಳೋಣ.

ಇನ್ನೊಂದು ಪ್ರಶ್ನೆ. ನೀವು ಕೊನೆಯ ಬಾರಿ ಪೂರ್ತಿಯಾಗಿ ದನಿ ತೆಗೆದದ್ದು ಯಾವಾಗ, ಯಾರಿಗಾಗಿ?

ನಿಮ್ಮ ಒಪ್ಪಿಗೆಯ ನಿರೀಕ್ಷೆಯಲ್ಲಿ,
ಇರ್ಯಾ ಲಂಪೇಲಾ


ಕಿಯುರುವೆಸಿ
2 ನವೆಂಬರ್ 1958

ಲಂಪೇಲಾ ಅವರಿಗೆ,

ಟೇಪ್ ಯಂತ್ರ ತರಬೇಡಿ. ಕಲ್ಪಿಸಿದ ವಾಕ್ಯ ಬೇಡ ಎಂದವರು ನೀವೇ.

ಕೊನೆಯ ಬಾರಿ ಪೂರ್ತಿ ಮಾಡಿದ್ದು 1943ರಲ್ಲಿ, ಊರಿನಲ್ಲಿ, ನಮ್ಮ ಪಕ್ಕದ ಮನೆಯ ಮುದುಕನಿಗೆ. ಆಮೇಲೆ ಅತ್ತೆಯದು ಅರ್ಧ. ಆಮೇಲೆ ಇಲ್ಲ.

ನೀವು ಕೇಳಿಲ್ಲ, ಆದರೂ ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ನನಗೆ ಒಬ್ಬನೇ ಮಗ. ಮಿತ್ರೆಯ್. 1944ರ ಜುಲೈಯಲ್ಲಿ ಅವನನ್ನು ಹೊಸದಾಗಿ ಒಂದು ತುಕಡಿಗೆ ಸೇರಿಸಿದರು, ಪಶ್ಚಿಮದವರೇ ಇದ್ದ ತುಕಡಿ. ಎರಡು ವಾರದಲ್ಲಿ ಕಾಣೆಯಾದ. ಸೈನ್ಯದ ಕಾಗದ ಸೆಪ್ಟೆಂಬರಿನಲ್ಲಿ ಬಂತು. ಆಗ ನಾವು ಊರು ಬಿಟ್ಟು ಹಸು ಹೊಡೆದುಕೊಂಡು ದಾರಿಯಲ್ಲಿದ್ದೆವು. ಅದರಲ್ಲಿ ಕಾಣೆಯಾಗಿದ್ದಾನೆ ಎಂದಿತ್ತು, ಸತ್ತಿದ್ದಾನೆ ಎಂದಿರಲಿಲ್ಲ. ಐದು ವರ್ಷದ ಮೇಲೆ ಇನ್ನೊಂದು ಕಾಗದ ಬಂತು. ಅದರಲ್ಲಿ ಸತ್ತನೆಂದು ಪರಿಗಣಿಸಲಾಗಿದೆ ಎಂದಿತ್ತು. ನಮ್ಮ ಗುರುಗಳು ಇಗರ್ಜಿಯಲ್ಲಿ ಸ್ಮರಣೆಯ ಪ್ರಾರ್ಥನೆ ಮಾಡಿಸಿದರು. ಅದು ಆಯಿತು.

ದನಿ ತೆಗೆಯುವುದು ಆಗಲಿಲ್ಲ. ಎದುರಿಗೆ ದೇಹವಿರಬೇಕು, ಇಲ್ಲ ಗೋರಿಯ ಮಣ್ಣಿರಬೇಕು, ಇಲ್ಲ ಕೊನೆಗೆ ಇಂಥ ಕಡೆ ಬಿದ್ದ ಎಂಬುದಾದರೂ ತಿಳಿದಿರಬೇಕು. ಯಾವ ದಿಕ್ಕಿಗೆ ಮುಖ ಮಾಡಿ ಎಬ್ಬಿಸಲಿ? ಬರಿಯ ಅಳುವೂ ಬರಲಿಲ್ಲ. ಅದರ ಬಗ್ಗೆ ನನಗೆ ದುಃಖವಿಲ್ಲ, ಇರುವುದನ್ನು ಹೇಳುತ್ತಿದ್ದೇನೆ. ಕೈಗೆ ಚಳಿ ಹಿಡಿದ ಮೇಲೆ ಹಾಲು ಕರೆಯುತ್ತೀರಲ್ಲ, ಕೈ ಕೆಲಸ ಮಾಡುತ್ತಿರುತ್ತದೆ, ಕೆಚ್ಚಲು ಕೈಗೆ ತಿಳಿಯುವುದಿಲ್ಲ. ಹಾಗೆ.

ನಮ್ಮ ಯಜಮಾನರು ಇದರ ಬಗ್ಗೆ ಮಾತಾಡುವುದಿಲ್ಲ. ಈ ಪತ್ರವನ್ನೂ ಅವರಿಗೆ ತೋರಿಸಿಲ್ಲ.

ಪಲಾಗಾ ವೊರ್ನಾನೆನ್


ಹೆಲ್ಸಿಂಕಿ
10 ಡಿಸೆಂಬರ್ 1958

ಶ್ರೀಮತಿ ವೊರ್ನಾನೆನ್ ಅವರಿಗೆ,

ನಿಮ್ಮ ನವೆಂಬರ್ 2ರ ಪತ್ರ ತಲುಪಿದೆ. ಉತ್ತರ ತಡವಾದದ್ದಕ್ಕೆ ಕ್ಷಮೆ ಇರಲಿ. ವರ್ಷದ ಕೊನೆಯಾದ್ದರಿಂದ ಕಚೇರಿಯಲ್ಲಿ ಕೆಲಸ ಹೆಚ್ಚು. ಧ್ವನಿಮುದ್ರಣದ ಮಾತನ್ನು ಕೈಬಿಟ್ಟಿದ್ದೇವೆ.

ಹಬ್ಬದ ಶುಭಾಶಯಗಳು.

ಇರ್ಯಾ ಲಂಪೇಲಾ


ಕಿಯುರುವೆಸಿ
6 ಜನವರಿ 1959

ಲಂಪೇಲಾ ಅವರಿಗೆ,

ಇವತ್ತು ನಮಗೆ ನೀರು ಪವಿತ್ರ ಮಾಡುವ ಹಬ್ಬ. ಗುರುಗಳು ಹೆಪ್ಪುಗಟ್ಟಿದ ಕೆರೆಯಲ್ಲಿ ಶಿಲುಬೆಯಾಕಾರಕ್ಕೆ ಕಂಡಿ ಕೊರೆಸಿದ್ದರು. ಒಂದು ಬಾಟಲಿ ನೀರು ತಂದಿಟ್ಟು ನಿಮಗೆ ಬರೆಯಲು ಕೂತೆ.

ನಿಮ್ಮ ಪತ್ರ ಸಣ್ಣದಿತ್ತು. ಯಂತ್ರ ಬೇಡ ಎಂದದ್ದಕ್ಕೆ ನಿಮಗೆ ಬೇಸರವಾಗಿದೆ ಎಂದು ತಿಳಿಯಿತು. ಮೇಲಿನವರ ಮುಂದೆ ನಿಮ್ಮ ಮಾತು ಬಿದ್ದುಹೋಗಿರಬೇಕು. ನನ್ನ ಬರವಣಿಗೆ ಒರಟು, ಇವರೂ ಹಾಗೇ ಹೇಳುತ್ತಾರೆ. ಅದಕ್ಕೆ ಬದಲಾಗಿ ಇಪ್ಪತ್ತಾರು ಚೀಟಿ ಕಳಿಸುತ್ತಿದ್ದೇನೆ. ಬಲೆ ನೇಯುವ ಪದಗಳು ಒಂಬತ್ತು, ಹಿಟ್ಟು ನಾದುವ ಪದಗಳು ಏಳು, ಉಳಿದವು ಸೋಮಾರಿ ಗಂಡಸರನ್ನು ಬೈಯುವ ಪದಗಳು. ಬೈಗುಳಗಳನ್ನು ಅಚ್ಚು ಹಾಕುವುದಾದರೆ ನನ್ನ ಹೆಸರು ಹಾಕಬೇಡಿ.

ಯಂತ್ರವನ್ನು ತರಲೇಬೇಕಾದರೆ ಹಸುಗಳನ್ನು ಕಾಡಿನಿಂದ ಕರೆಯುವ ಕೂಗನ್ನು ಬೇಕಾದರೆ ಕೂಗಿ ತೋರಿಸುತ್ತೇನೆ. ಅದಕ್ಕೆ ಯಾರೂ ಸಾಯಬೇಕಾಗಿಲ್ಲ.

ಪಲಾಗಾ ವೊರ್ನಾನೆನ್


ಹೆಲ್ಸಿಂಕಿ
27 ಜನವರಿ 1959

ಪ್ರಿಯ ಪಲಾಗಾ ಅವರೇ,

ನನಗೆ ನಿಮ್ಮ ಮೇಲೆ ಬೇಸರವಿಲ್ಲ. ದಯವಿಟ್ಟು ಹಾಗೆಂದುಕೊಳ್ಳಬೇಡಿ. ಇಪ್ಪತ್ತಾರೂ ಚೀಟಿಗಳು ಚೆನ್ನಾಗಿವೆ. ಸೋಮಾರಿಗಳ ಚೀಟಿಗಳನ್ನು ಇಲ್ಲಿನ ಗಂಡಸರು ಕೈಯಿಂದ ಕೈಗೆ ದಾಟಿಸಿ ಓದಿದರು.

ಇನ್ನೆರಡು ಸಣ್ಣ ಪ್ರಶ್ನೆಗಳಿವೆ. ಮಿತ್ರೆಯ್ ಎಂಬ ಹೆಸರು ನಿಮ್ಮ ಕಡೆ ತುಂಬಾ ಜನರಿಗೆ ಇತ್ತೇ? ಹೆಸರುಗಳ ಸಂಪುಟಕ್ಕೆ ಬೇಕಾಗಿದೆ. ಎರಡನೆಯದು, ಕೊಡಲಿಗೋ ಹುಲ್ಲು ಕತ್ತರಿಸುವ ಯಂತ್ರಕ್ಕೋ ಸಿಕ್ಕಿ ಬೆರಳಿನ ತುದಿ ಹೋದವರನ್ನು, ಅಥವಾ ಅಂಥ ಬೆರಳನ್ನು, ಏನೆಂದು ಕರೆಯುತ್ತಿದ್ದರು? ಬಳಕೆಯ ವಾಕ್ಯವೂ ಇದ್ದರೆ ಒಳ್ಳೆಯದು.

ಇರ್ಯಾ ಲಂಪೇಲಾ


ಕಿಯುರುವೆಸಿ
8 ಫೆಬ್ರವರಿ 1959

ಇರ್ಯಾ ಲಂಪೇಲಾ ಅವರಿಗೆ,

ಮಿತ್ರೆಯ್ ಹೆಸರು ನಮ್ಮ ಹಳ್ಳಿಯಲ್ಲಿ ಮೂವರಿಗಿತ್ತು. ಒಬ್ಬ ಮುದುಕ, ಒಬ್ಬ ಹಸುಗೂಸು, ಒಬ್ಬ ನನ್ನ ಮಗ.

ಅಂಥ ಬೆರಳಿಗೆ ಮೊಂಡ ಅನ್ನುತ್ತಿದ್ದೆವು. ವಾಕ್ಯ: "ಮೊಂಡನ್ನ ಎಣಿಸ್ಬೇಡ, ನಿಂಗೆ ಒಂಬತ್ತೂವರೆ ಅಷ್ಟೇ." ಇದು ನಮ್ಮ ಯಜಮಾನರು ಮಗನಿಗೆ ಲೆಕ್ಕ ಕಲಿಸುವಾಗ ಹೇಳುತ್ತಿದ್ದ ತಮಾಷೆ. ಏಳನೆಯ ವರ್ಷದಲ್ಲಿ ಅವನ ಎಡಗೈ ಕಿರುಬೆರಳಿನ ತುದಿ ಹುಲ್ಲಿನ ಯಂತ್ರಕ್ಕೆ ಸಿಕ್ಕಿತ್ತು.

ಈ ವಾಕ್ಯವನ್ನು ಚೀಟಿಯ ಮೇಲೆ ಬರೆದು ಶಾಯಿ ಆರಲಿ ಎಂದು ಇಟ್ಟೆ. ಆಗ ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿದೆ. ಮೊದಲು ಹೆಸರು ಕೇಳಿದಿರಿ, ಆಮೇಲೆ ಬೆರಳು. ನೀವು ಪದ ಕೇಳುತ್ತಿಲ್ಲ.

ಏನು ತಿಳಿದಿದೆಯೋ ಬರೆಯಿರಿ. ಸುತ್ತಿ ಬಳಸಿ ಬೇಡ.

ಪಲಾಗಾ ವೊರ್ನಾನೆನ್


ಹೆಲ್ಸಿಂಕಿ
26 ಮಾರ್ಚ್ 1959

ಪಲಾಗಾ ಅವರೇ,

ಆರು ವಾರ ಈ ಪತ್ರ ಬರೆದು ಹರಿದಿದ್ದೇನೆ.

ಪೊರು ಪದಕ್ಕೆ ನನಗೆ ಮುನ್ನೂರಕ್ಕೂ ಹೆಚ್ಚು ಚೀಟಿಗಳು ಬಂದವು. ಬಹುಪಾಲು ಮಕ್ಕಳ ಬಗ್ಗೆ, ಕೆಲವು ಹಂದಿಗಳ ಬಗ್ಗೆ. ನವೆಂಬರಿನ ಮಧ್ಯದಲ್ಲಿ, ನಿಮ್ಮ ಪತ್ರ ಬಂದು ಹತ್ತು ದಿನ ಕಳೆದಿರಲಿಲ್ಲ, ಪಶ್ಚಿಮದ ಪೊಹ್ಯನ್ಮಾ ಬಯಲಿನಿಂದ ಒಂದು ಕಟ್ಟು ಬಂತು. ಕಳಿಸಿದವನು ಯಲ್ಮಾರಿ ಹಾಪಲಾ ಎಂಬ ರೈತ. ಅದರಲ್ಲಿದ್ದ ಒಂದು ಚೀಟಿಯನ್ನು ಇದ್ದ ಹಾಗೇ ನಕಲು ಮಾಡುತ್ತಿದ್ದೇನೆ.

"ಪೊರು. ದೊಡ್ಡವರಿಗೂ ಹೇಳುತ್ತಾರೆ. ಬಳಕೆ: 1944ರ ಜುಲೈ, ಜೌಗಿನ ಆಚೆ ಗಾಯವಾಗಿ ಬಿದ್ದ ಹೊಸ ಹುಡುಗ ಬೆಳಗಿನಿಂದ ಮಧ್ಯಾಹ್ನದವರೆಗೆ ಪೊರು ಹಾಕಿದ. ಸುಯೋಯಾರ್ವಿಯವನು, ಮಿತ್ರೆಯ್ ಅಂತಿರಬೇಕು. ಮನುಷ್ಯ ಹಾಗೆ ಪೊರು ಹಾಕುವುದನ್ನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ."

ಇಷ್ಟೇ. ನಾನು ಅದನ್ನು ಮೇಜಿನ ಡ್ರಾಯರಿಗೆ ಹಾಕಿದೆ. ಬೇರೆ ಯಾರೋ ಮಿತ್ರೆಯ್ ಇರಲಿ ಎಂದುಕೊಂಡೆ. ಡಿಸೆಂಬರಿನಲ್ಲಿ ಹಾಪಲಾಗೆ ಬರೆದೆ, ನಿಮ್ಮ ಹೆಸರು ಹೇಳಲಿಲ್ಲ. ಆ ಹುಡುಗನ ಅಡ್ಡಹೆಸರು ತನಗೆ ಗೊತ್ತಿಲ್ಲ, ಇಸ್ಪೀಟು ಹಿಡಿದಾಗ ಎಡಗೈ ಕಿರುಬೆರಳಿಗೆ ತುದಿ ಇಲ್ಲದ್ದನ್ನು ನೋಡಿದ್ದೆ ಎಂದು ಅವನು ಉತ್ತರಿಸಿದ. ಅದಕ್ಕೇ ನಾನು ಆ ಪ್ರಶ್ನೆ ಕೇಳಿದ್ದು. ನಿಮ್ಮ ಮಗನ ಬೆರಳಿನ ವಿಷಯವನ್ನು ನಿಮ್ಮಿಂದಲೇ ಒಂದು ಪದದ ನೆಪದಲ್ಲಿ ಬರೆಸಿಕೊಂಡೆ.

ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀರಿ. ಯುದ್ಧದ ಕಾಲದಲ್ಲಿ ನಾನು ಆಸ್ಪತ್ರೆಯೊಂದರಲ್ಲಿ ಸೈನಿಕರ ಮನೆಯವರಿಗೆ ಕಾಗದ ಬರೆಯುತ್ತಿದ್ದೆ. ಎಲ್ಲ ತಾಯಂದಿರಿಗೂ ಒಂದೇ ವಾಕ್ಯ ಬರೆಯುತ್ತಿದ್ದೆವು: ತಕ್ಷಣ ಪ್ರಾಣ ಹೋಯಿತು, ನೋವು ತಿಳಿಯಲಿಲ್ಲ. ಬಹಳಷ್ಟು ಸಲ ಅದು ನಿಜವಾಗಿರಲಿಲ್ಲ. ನಿಮಗೆ ಆ ವಾಕ್ಯ ಬರೆಯುವ ಹಾಗಿರಲಿಲ್ಲ. ಬೇರೆ ವಾಕ್ಯ ನನಗೆ ಗೊತ್ತಿರಲಿಲ್ಲ.

ಇರ್ಯಾ


ಕಿಯುರುವೆಸಿ
2 ಏಪ್ರಿಲ್ 1959

ಇರ್ಯಾ ಅವರಿಗೆ,

ಪತ್ರ ಬಂತು. ಇವರಿಗೆ ಓದಿ ಹೇಳಿದೆ. ಇವರು ಕೇಳಿ ಎದ್ದು ಹೋಗಿ ಕಟ್ಟಿಗೆ ಒಡೆದರು. ಕಟ್ಟಿಗೆ ಮುಂದಿನ ವರ್ಷಕ್ಕಾಗುವಷ್ಟು ಇದೆ. ಸಂಜೆಯ ತನಕ ಒಡೆದರು.

ನನಗೆ ಏನೂ ಆಗಲಿಲ್ಲ. ಹಾಲು ಕರೆದೆ.

ಆ ಹಾಪಲಾನ ವಿಳಾಸ ಕಳಿಸಿ.

ಪಲಾಗಾ


ಹೆಲ್ಸಿಂಕಿ
16 ಏಪ್ರಿಲ್ 1959

ಪಲಾಗಾ ಅವರೇ,

ವಿಳಾಸ ಬೇರೆ ಹಾಳೆಯಲ್ಲಿದೆ. ಅವನಿಗೆ ನಾನು ಬರೆದು ತಿಳಿಸಿದ್ದೇನೆ. ಬರಲಿ ಎಂದಿದ್ದಾನೆ, ಅಷ್ಟೇ ಬರೆದಿದ್ದಾನೆ.

ಒಬ್ಬರೇ ಹೋಗುವುದು ಬೇಡ ಅನ್ನಿಸಿದರೆ ನಾನು ಅಲ್ಲಿಗೆ ಬರುತ್ತೇನೆ. ಕಚೇರಿಯವಳಾಗಿ ಬರುವುದಿಲ್ಲ.

ಇರ್ಯಾ


ಕಿಯುರುವೆಸಿ
24 ಮೇ 1959

ಇರ್ಯಾ,

ಬೇಡ ಎಂದು ನಾನು ಬರೆಯಲಿಲ್ಲ, ಬನ್ನಿ ಎಂದೂ ಬರೆಯಲಿಲ್ಲ. ಒಬ್ಬಳೇ ಹೋಗಿ ಬಂದೆ. ಆದದ್ದನ್ನು ನಿಮಗೆ ತಿಳಿಸಬೇಕು.

ಇವರನ್ನು ಕರೆದೆ. ಬೂಟಿನ ದಾರ ಕಟ್ಟುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ. "ನೀ ಹೋಗ್ ಬಾ. ನಾ ದನ ನೋಡ್ಕೋತೀನಿ" ಎಂದರು. ಬಾಗಿಲ ತನಕ ಬಂದು, "ಎಷ್ಟು ದೂರದಲ್ಲಿದ್ನಂತೆ ಕೇಳು" ಎಂದರು.

ಅಲ್ಲಿನ ನೆಲ ಚಪ್ಪಟೆ. ಕಾಡಿಲ್ಲ, ಗುಡ್ಡವಿಲ್ಲ, ಬರುವವರು ಅರ್ಧ ತಾಸು ಮೊದಲೇ ಕಾಣುತ್ತಾರೆ. ಹಾಪಲಾ ಗೇಟಿನ ಹತ್ತಿರ ನಿಂತು ನನ್ನನ್ನು ಅಷ್ಟು ಹೊತ್ತೂ ನೋಡುತ್ತಿದ್ದ. ದೊಡ್ಡ ಆಳು, ನಲವತ್ತೈದರ ಹತ್ತಿರದವನು. ಅವನ ಹೆಂಡತಿ ಕಾಫಿ, ಏಲಕ್ಕಿ ಬನ್ನು ಇಟ್ಟು, ಮಕ್ಕಳನ್ನು ಕರೆದುಕೊಂಡು ಹೊರಗೆ ಹೋದಳು. ಅವನು ಕೂರಲಿಲ್ಲ. ಕಿಟಕಿಯ ಹತ್ತಿರ ನಿಂತೇ ಹೇಳಿದ.

ಅವನು ಹೇಳಿದ್ದು ಇದು. ಮಿತ್ರೆಯ್ ಅವರ ತುಕಡಿಗೆ ಬಂದು ಒಂಬತ್ತು ದಿನವಾಗಿತ್ತು. ಹೆಚ್ಚು ಮಾತಾಡುತ್ತಿರಲಿಲ್ಲ; ಆಡಿದರೆ ತುಕಡಿಯವರು ಅವನ ಮಾತಿಗೆ ನಗುತ್ತಿದ್ದರು, ರಷ್ಯದವನ ಹಾಗೆ ಆಡುತ್ತೀಯ ಎನ್ನುತ್ತಿದ್ದರು. ಬೆಳಿಗ್ಗೆ ಜೌಗಿನ ಆಚೆಯಿಂದ ಹಿಂದೆ ಸರಿಯುವಾಗ ಅವನ ಹೊಟ್ಟೆಗೆ ಗುಂಡೇಟು ಬಿತ್ತು. ಎಷ್ಟು ದೂರ ಎಂದು ಕೇಳಿದೆ. ನಲವತ್ತು ಮೀಟರ್ ಎಂದ. ಇಬ್ಬರು ತೆವಳಿಕೊಂಡು ಹೋದರು, ಒಬ್ಬ ಅಲ್ಲೇ ಸತ್ತ, ಇನ್ನೊಬ್ಬ ವಾಪಸು ಬಂದ. ಆಮೇಲೆ ಅಧಿಕಾರಿ ಯಾರೂ ಹೋಗಕೂಡದು ಎಂದ. ಮಧ್ಯಾಹ್ನದವರೆಗೆ ಕೇಳಿಸುತ್ತಿತ್ತು. ಕೆಲವರು ಪಾಚಿ ಕಿತ್ತು ಕಿವಿಗೆ ತುರುಕಿಕೊಂಡರು. ಸಂಜೆ ಆ ಜಾಗವನ್ನೇ ಬಿಟ್ಟು ಹೊರಟರು.

"ವಾಪಸ್ ಬಂದವ್ನು ನಾನೇ" ಎಂದ. "ಮತ್ತೆ ಹೋಗ್ಬೋದಿತ್ತು. ಹೋಗ್ಲಿಲ್ಲ."

ನಾನು ಏನು ಹೇಳಲೆಂದು ಅವನು ಕಾಯುತ್ತಿದ್ದನೋ ಅದು ನನ್ನ ಬಾಯಿಗೆ ಬರಲಿಲ್ಲ, ಅದರ ಉಲ್ಟಾ ಮಾತೂ ಬರಲಿಲ್ಲ. ಮಗನ ಕಾಲಲ್ಲಿ ಏನಿತ್ತು ಎಂದು ಕೇಳಿದೆ. ಸೈನ್ಯದ ಬೂಟು, ಒಳ್ಳೆಯವೇ ಎಂದ. ಕಾಫಿ ಕುಡಿದೆ.

ಆಮೇಲೆ ಮಗ ಏನೆಂದು ಕೂಗುತ್ತಿದ್ದ ಎಂದು ಕೇಳಿದೆ. ಹಾಪಲಾ ನಾಚಿಕೊಂಡ. ದೊಡ್ಡ ಗಂಡಸು ನಾಚಿಕೊಂಡರೆ ನೋಡಲಾಗುವುದಿಲ್ಲ.

"ಮಾತಲ್ಲಮ್ಮ ಅದು. ಬರೀ ಊಳು. ಒಂದೇ ಥರ ಮೇಲಕ್ಕೇರೋದು, ಆಮೇಲೆ ಇಳಿಯೋದು. ಉಸಿರು ತಗೊಂಡು ಮತ್ತೆ ಮೊದಲಿಂದ. ಹದಿನೈದು ವರ್ಷ ಆಯ್ತು, ಇನ್ನೂ ಕಿವೀಲಿದೆ. ಚೀಟಿ ಮೇಲೆ ನಿಜವಾದ ವಾಕ್ಯ ಬರೀರಿ ಅಂತ ಇತ್ತು, ಅದಕ್ಕೆ ಬರೆದೆ. ಹೆಂಡತಿಗೂ ಹೇಳಿರ್ಲಿಲ್ಲ."

ಆ ಏರಿಳಿತವನ್ನು ಗುನುಗಿ ತೋರಿಸು ಎಂದೆ. ಮೊದಲು ಆಗುವುದಿಲ್ಲ ಎಂದ. ಆಮೇಲೆ ಗೋಡೆಯ ಕಡೆ ತಿರುಗಿ, ಬಾಯಿ ಮುಚ್ಚಿಕೊಂಡೇ, ಮೂಗಿನಲ್ಲಿ ತೋರಿಸಿದ. ತಪ್ಪಿಲ್ಲದೆ ತೋರಿಸಿದ.

"ಒಂದ್ ಶಬ್ದ ಮಾತ್ರ ಮತ್ತೆ ಮತ್ತೆ ಬರೋದು" ಎಂದ. "ಕಂದಯಾಸೆನಿ, ಕಂದಯಾಸೆನಿ. ಯಾವ್ದೋ ಹುಡುಗಿ ಹೆಸರು ಅಂದ್ಕೊಂಡ್ವಿ."

ಇರ್ಯಾ, ಇದನ್ನು ನೀವು ಬರೆದುಕೊಳ್ಳಿ. ದನಿ ತೆಗೆದು ಅಳುವಾಗ ಯಾರನ್ನೂ ಹೆಸರಿನಿಂದ ಕರೆಯುವಂತಿಲ್ಲ, ಬಂಧುಗಳನ್ನು ದಿನ ಬಳಸುವ ಮಾತಿನಿಂದಲೂ ಕರೆಯುವಂತಿಲ್ಲ. ಸತ್ತು ಆಚೆ ಹೋದವರಿಗೆ ಆ ಮಾತು ತಿಳಿಯುವುದಿಲ್ಲ. ಅಮ್ಮ ಎನ್ನುವ ಹಾಗಿಲ್ಲ. ಕಂದಯಾಸೆನಿ ಎನ್ನಬೇಕು. ಅಂದರೆ ನನ್ನನ್ನು ಹೊತ್ತವಳೇ ಎಂದು. ಬದುಕಿರುವವರು ಉಣ್ಣುವಾಗ, ಜಗಳವಾಡುವಾಗ ಯಾರೂ ಆ ಮಾತನ್ನು ಆಡುವುದಿಲ್ಲ. ಅದಕ್ಕೆ ಬೇರೆ ಕಡೆ ಬಳಕೆಯೇ ಇಲ್ಲ.

ನಮ್ಮಲ್ಲಿ ಗಂಡಸರು ದನಿ ತೆಗೆಯುವುದಿಲ್ಲ. ಅವನಿಗೆ ಯಾರೂ ಕಲಿಸಿಲ್ಲ. ಸಣ್ಣವನಿದ್ದಾಗ ಮನೆಯಲ್ಲಿ ಬಿಟ್ಟು ಹೋಗುವಂತಿರಲಿಲ್ಲ, ಸತ್ತವರ ಮನೆಗೆಲ್ಲ ಸೆರಗಿಗೆ ಕಟ್ಟಿಕೊಂಡ ಹಾಗೆ ಕರೆದೊಯ್ಯುತ್ತಿದ್ದೆ. ಮೇಜಿನ ಕೆಳಗೆ ಕೂತಿರುತ್ತಿದ್ದ. ಆಡುತ್ತಿದ್ದಾನೆ ಎಂದುಕೊಂಡಿದ್ದೆ. ಹೊರಡುವವನು ಮೊದಲು ಹೆತ್ತವಳಿಂದ ಅಪ್ಪಣೆ ಬೇಡಬೇಕು, ಆಮೇಲೆ ತಂದೆಯಿಂದ, ಆಮೇಲೆ ಒಲೆಯಿಂದ, ಹೊಸ್ತಿಲಿನಿಂದ, ಅಂಗಳದಿಂದ, ದಾರಿಯಿಂದ. ಮೊಣಕೈ ಹಿಡಿಯುವವರು ಇಲ್ಲದಿದ್ದರೆ, ಮಧ್ಯೆ ಉಸಿರು ನಿಲ್ಲುತ್ತಿದ್ದರೆ, ಅದಕ್ಕೆ ಅರ್ಧ ದಿನ ಹಿಡಿಯುತ್ತದೆ. ಅವನನ್ನು ಕಳಿಸಿಕೊಡುವವರು ಅಲ್ಲಿ ಯಾರೂ ಇರಲಿಲ್ಲ. ತಾನೇ ಮಾಡಿಕೊಂಡ.

ಹಾಪಲಾಗೆ ಅದು ಊಳಲ್ಲ ಎಂದು ಹೇಳಿದೆ. ಮತ್ತೇನು ಎಂದು ಅವನು ಕೇಳಲಿಲ್ಲ. ಗೇಟಿನ ತನಕ ಬಂದು ನನ್ನ ಚೀಲ ಹಿಡಿದುಕೊಂಡಿದ್ದ. ರೈಲು ನಿಲ್ದಾಣದವರೆಗೂ ಕೊಡಲೇ ಇಲ್ಲ.

ಆ ಚೀಟಿಯನ್ನು ಪೊರು ಪದದ ಕೆಳಗೆ ಇಡಬೇಡಿ. ಅವನು ಬರೆದದ್ದು ಸುಳ್ಳಲ್ಲ, ಅವನಿಗೆ ಕೇಳಿಸಿದ್ದು ಹಾಗೆ. ಆದರೂ ಅದನ್ನು ಹಂದಿ, ಮಕ್ಕಳ ಜೊತೆ ಇಡಬೇಡಿ. ನಮ್ಮ ಪದದ ಕೆಳಗೆ ಇಡಿ. ಗಂಡಸರಿಗೆ ಸಲ್ಲುತ್ತದೆಯೇ ಎಂದು ನಿಮ್ಮ ಪ್ರಶ್ನೆಪಟ್ಟಿಯಲ್ಲಿದ್ದರೆ, ಒಂದು ಸಲ ಸಂದಿದೆ ಎಂದು ಬರೆಯಿರಿ.

ಇನ್ನು ಉಳಿದದ್ದು ವಾಪಸು ಬರುವಾಗಿನದು.

ರೈಲು ಬದಲಿಸುವ ನಿಲ್ದಾಣದಲ್ಲಿ ಎರಡು ಗಂಟೆ ಕಾಯಬೇಕಿತ್ತು. ಕಾಯುವ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಇದ್ದರು. ಒಬ್ಬಳು ಮಗುವಿಗೆ ಮೊಟ್ಟೆ ಸುಲಿದು ಕೊಡುತ್ತಿದ್ದಳು. ನನಗೆ ಹಸಿವಿರಲಿಲ್ಲ, ನಿದ್ದೆಯೂ ಇರಲಿಲ್ಲ. ಕಿಟಕಿಯ ಹೊರಗೆ ಹಳಿಗಳು ಪೂರ್ವಕ್ಕೆ ಹೋಗುತ್ತವೆ. ಆ ಕಡೆ ನೋಡುತ್ತಾ ಕೂತಿದ್ದೆ. ನಿಂತುಕೊಂಡದ್ದು ನನಗೆ ಗೊತ್ತಾಗಲಿಲ್ಲ. ನನ್ನ ದನಿ ಕೇಳಿಸಿದಾಗ ನಾನು ಆಗಲೇ ನಿಂತಿದ್ದೆ.

ಸರಿಯಾಗಿ ಬರಲಿಲ್ಲ ಮೊದಲು. ಹದಿನಾರು ವರ್ಷ ಮುಚ್ಚಿಟ್ಟ ಬಾವಿಯ ಹಗ್ಗದ ಹಾಗೆ ಒರಟಾಗಿತ್ತು. ಮಾತು ಮರೆತಿದ್ದೇನೆ ಎಂದುಕೊಂಡಿದ್ದೆ, ಒಂದನ್ನು ಎಳೆದರೆ ಅದರ ಹಿಂದೆ ಇನ್ನೊಂದು ಬಂತು. ಅವನನ್ನು ಎಬ್ಬಿಸಿದೆ. ಬೂಟು ಕಳಚಿದೆ. ನಲವತ್ತು ಮೀಟರ್ ಅವನನ್ನು ಈಚೆಗೆ ಕರೆದುಕೊಂಡು ಬಂದೆ. ಮೊಟ್ಟೆ ಸುಲಿಯುತ್ತಿದ್ದವಳು ಮಗುವನ್ನೆತ್ತಿಕೊಂಡು ಹೊರಗೆ ಹೋದಳು. ಒಬ್ಬೊಬ್ಬರೇ ಎದ್ದರು. ಯಾರೋ "ಕುಡಿದಿದಾಳೆ" ಎಂದರು, ಯಾರೋ "ಕರೇಲಿಯದವಳು, ಬಿಡು" ಎಂದರು. ಕೇಳಿಸುತ್ತಿತ್ತು, ಆದರೆ ನಿಲ್ಲಿಸಲಿಲ್ಲ.

ಟೋಪಿ ಹಾಕಿದ ನಿಲ್ದಾಣದವನು ಬಂದ. ವಯಸ್ಸಾದವನು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಮೆತ್ತಗೆ ಕೇಳಿದ.

"ಅಮ್ಮ, ಯಾರಾದ್ರೂ ತೀರ್ಕೊಂಡ್ರಾ?"

"ಮಗ" ಎಂದೆ.

"ಯಾವಾಗ?"

"ಜುಲೈಯಲ್ಲಿ."

ಅವನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದ. ಮೇ ತಿಂಗಳಿತ್ತು. ಯಾವ ಜುಲೈ ಎಂದು ಕೇಳಲಿಲ್ಲ. ಹೋಗಿ ಒಂದು ಲೋಟ ನೀರು ತಂದು ಬೆಂಚಿನ ಮೇಲಿಟ್ಟ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದ, ಬಾಗಿಲು ಎಳೆದುಕೊಂಡ. ಒಳಗೆ ಬರಲು ನೋಡಿದವರಿಗೆ ಅವನು ಪ್ಲಾಟ್‌ಫಾರ್ಮಿನಲ್ಲೇ ಕಾಯಿರಿ ಎನ್ನುವುದು ಗಾಜಿನಾಚೆ ಕಾಣುತ್ತಿತ್ತು.

ನನ್ನ ರೈಲು ಬಂತು, ನಿಂತಿತು, ಹೋಯಿತು. ನಾನು ಆಗಿನ್ನೂ ಹೊಸ್ತಿಲಿನ ತನಕ ಬಂದಿದ್ದೆ. ಅಂಗಳ ಬಾಕಿಯಿತ್ತು, ದಾರಿ ಬಾಕಿಯಿತ್ತು.

ಪಲಾಗಾ